ದಪ್ಪ ಗಿಳಿಯ ತೊಟ್ಟಿಲು

ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಒಂದು ಡಬ್ಬಿ ಸಿಕ್ಕಿತು. ಮುಚ್ಚಳ ಬಿಗಿದುಕೊಂಡಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಒಳಗೆ ಒಣಗಿ ಕಲ್ಲಾದ, ಕಟ್ಟಿಗೆ ಜೋಡಿಸುವ ಅಂಟು, ಅದರಲ್ಲೇ ಸಿಕ್ಕಿಕೊಂಡ ಒಂದು ಕುಂಚ. ಇಷ್ಟು ವರ್ಷವಾದರೂ ಆ ಹುಳಿ ವಾಸನೆ ಹೋಗಿರಲಿಲ್ಲ. ಕೆಳಗಿನಿಂದ ಹೆಂಡತಿ "ಏನ್ ಸಿಕ್ತರಿ?" ಎಂದು ಕೇಳಿದಳು. "ಏನಿಲ್ಲ" ಎಂದೆನಾದರೂ ಏಣಿಯ ಮೇಲೆಯೇ ಕುಳಿತುಬಿಟ್ಟೆ. ಅಕ್ಕಾರು ನೆನಪಾದರು.

ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾರು ಎನ್ನುತ್ತೇವೆ. ಇವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಕಲಘಟಗಿಯಲ್ಲಿ ಅವರ ತಂದೆಯ ಕಾಲದ ಅಕ್ಕಿ ಗಿರಣಿಯೊಂದು ಖಾಲಿ ಬಿದ್ದಿತ್ತು. ಗೋದಾಮಿಗೆ ಬಾಡಿಗೆ ಕೊಡಿ ಎಂದು ಊರೆಲ್ಲ ಹೇಳಿದರೆ, ಅಕ್ಕಾರು ಅಲ್ಲಿ ಉದ್ದನೆಯ ಮೇಜು, ಡ್ರಿಲ್ ಮಷೀನು, ಗೋಡೆ ತುಂಬ ಗರಗಸ, ಉಳಿ, ಸುತ್ತಿಗೆ ತಂದಿಟ್ಟರು. ವರ್ಷಕ್ಕೊಮ್ಮೆ ವರ್ಗಣಿ ಹಣ ಕೊಟ್ಟು ಸದಸ್ಯರಾದವರು ಯಾರು ಬೇಕಾದರೂ ಬಂದು, ಹೊಟ್ಟೆಪಾಡಿಗಲ್ಲ, ಬರೀ ಖುಷಿಗೆ ಏನು ಬೇಕಾದರೂ ಮಾಡಬಹುದಿತ್ತು. ಟೇಲರ್ ಕಾಕಾ ಪಾರಿವಾಳದ ಗೂಡು ಮಾಡುತ್ತಿದ್ದರು. ನಾನು ದನದ ದವಾಖಾನೆಯ ಕಂಪೌಂಡರ್. ದಿನವಿಡೀ ಎಮ್ಮೆಗಳಿಗೆ ಸೂಜಿ ಚುಚ್ಚಿ ಒದೆ ತಿಂದವನಿಗೆ, ತಿರುಗಿ ಒದೆಯದ ಕಟ್ಟಿಗೆಯ ಜೊತೆ ಸಂಜೆ ಕಳೆಯುವುದು ಸುಖವೆನಿಸಿತ್ತು.

ಅಲ್ಲಿ ಒಂದು ನಿಯಮವನ್ನು ಮಾತ್ರ ಅಕ್ಕಾರು ಕಟ್ಟುನಿಟ್ಟಾಗಿ ನಡೆಸುತ್ತಿದ್ದರು. ಮಾಡಿದ ಸಾಮಾನು ಬಾಗಿಲು ದಾಟುವ ಮೊದಲು, ಮಾಡಿದವರು ಎಲ್ಲರ ಎದುರು ಅದರ ಮೇಲೆ ಭಾರ ಹಾಕಿ ತೋರಿಸಬೇಕು. ಸ್ಟೂಲಾದರೆ ಕೂಡಬೇಕು, ಗೋಡೆಯ ಗೂಟವಾದರೆ ಜೋತುಬೀಳಬೇಕು. "ನಿಮ್ಮ ಭಾರ ತಡೀಲಿಲ್ಲಂದ್ರ ಮಂದಿ ಭಾರ ಹೆಂಗ ತಡೀತೈತ್ರಿ?" ಎನ್ನುತ್ತಿದ್ದರು. ಸಾಮಾನು ಮುರಿದರೆ ಎಲ್ಲರೂ ನಗುತ್ತಿದ್ದೆವು. ಅಕ್ಕಾರು ನಗುತ್ತಿರಲಿಲ್ಲ. ಕನ್ನಡಕ ಏರಿಸಿ ಮುರಿದ ಜಾಗವನ್ನೇ ನೋಡುತ್ತಿದ್ದರು.

ಮಗಳ ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲಾಯಿತು. ಹೆಣ್ಣು ಕೂಸು. ತೊಟ್ಟಿಲು ಕೊಡುವುದು ತವರಿನವರ ಪಾಲಿನದು. ಕಲಘಟಗಿಯ ಬಣ್ಣದ ತೊಟ್ಟಿಲು ಮೊದಲೇ ಹೆಸರಾದದ್ದು, ಅದನ್ನು ಮಾಡುವ ಮನೆಗಳೇ ಬೇರೆ, ತಲೆತಲಾಂತರದಿಂದ ಪಳಗಿದ ಕೈಗಳವು. "ಅವರ ಕಡೆ ಮಾಡಸ್ರಿ, ನಿಮಗ್ಯಾಕ ಬೇಕು ಉಸಾಬರಿ" ಎಂದು ಹೆಂಡತಿ ಹೇಳಿದಳು. ನಾನು ಕೇಳಬೇಕಲ್ಲ! ಎರಡು ಸ್ಟೂಲು, ಒಂದು ಕಪಾಟು ಮಾಡಿ ದೊಡ್ಡ ಬಡಿಗನಾಗಿಬಿಟ್ಟಿದ್ದೆ. ಅಳ್ನಾವರದ ಬೀಗರ ಎದುರು, ಕೂಸಿನ ಅಜ್ಜ ತಾನೇ ಮಾಡಿದ್ದು ಅನ್ನಿಸಿಕೊಳ್ಳುವ ಹುಚ್ಚು ಹತ್ತಿತ್ತು.

ತೊಟ್ಟಿಲ ತಳದ ಪಟ್ಟಿಗಳ ತುದಿ ಮೂಲೆಗಂಬದ ತೂತಿನಲ್ಲಿ ಬಿಗಿಯಾಗಿ ಕೂಡಬೇಕು. ಒಂದು ಮೂಲೆಯಲ್ಲಿ ನಾನು ತೂತನ್ನು ದೊಡ್ಡದು ಕೊರೆದೆ. ಪಟ್ಟಿ ಸಡಿಲಾದ ಹಲ್ಲಿನಂತೆ ಅಲ್ಲಾಡಿತು. ಕಂಬವನ್ನೇ ಹೊಸದು ಮಾಡಬೇಕಿತ್ತು, ಆದರೆ ಹೆಸರಿಡುವ ದಿನಕ್ಕೆ ನಾಲ್ಕೇ ದಿನ ಉಳಿದಿತ್ತು. ಕಟ್ಟಿಗೆಯ ಹೊಟ್ಟಿಗೆ ಅಂಟು ಕಲಸಿ ಸಂದಿಗೆ ಮೆತ್ತಿದೆ. ಒಣಗಿದ ಮೇಲೆ ಉಜ್ಜಿ, ಅದರ ಮೇಲೊಂದು ಹಸಿರು ಗಿಳಿ ಬರೆದೆ. ಸಂದು ಅಗಲವಿದ್ದುದರಿಂದ ಗಿಳಿ ದಪ್ಪಗಾಯಿತು. ಉಳಿದ ಮೂರು ಮೂಲೆಯ ಗಿಳಿಗಳು ಅದರ ಮುಂದೆ ಏಕಾದಶಿ ಮಾಡಿದವರಂತೆ ಕಾಣುತ್ತಿದ್ದವು. ಅಕ್ಕಾರು ಧಾರವಾಡಕ್ಕೆ ಹೋದ ದಿನ ನೋಡಿ ಟೆಂಪೋ ತರಿಸಿ ತೊಟ್ಟಿಲನ್ನು ಮನೆಗೆ ಸಾಗಿಸಿದೆ. ಭಾರ ಹಾಕಿ ನೋಡುವುದು ಆಗಲಿಲ್ಲ. ಕೂಸು ಎಷ್ಟು ಭಾರ ಇದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಹೆಸರಿಡುವ ದಿನ ತೊಟ್ಟಿಲು ತೊಲೆಯಿಂದ ತೂಗುತ್ತಿತ್ತು. ಬೀಗತಿ ಅದನ್ನು ಮುಟ್ಟಿ ನೋಡಿ, "ಅಗದಿ ಚಲೋ ಮಾಡೀರಿ ಬೀಗರ" ಎಂದರು. ನಾನು ಉಬ್ಬಿದೆ. ಅಷ್ಟರಲ್ಲಿ ಅಕ್ಕಾರು ಬಂದರು. ಅವರನ್ನು ಕರೆಯದೆ ಇರುವಂತಿರಲಿಲ್ಲ. ತೊಟ್ಟಿಲ ಸುತ್ತ ಒಂದು ಸುತ್ತು ಬಂದು ದಪ್ಪ ಗಿಳಿಯ ಮುಂದೆ ನಿಂತರು. ಕನ್ನಡಕ ಏರಿಸಿದರು.

ನಮ್ಮಲ್ಲಿ ಕೂಸಿಗಿಂತ ಮೊದಲು ಗುಂಡಕಲ್ಲನ್ನು ತೊಟ್ಟಿಲಿಗೆ ಹಾಕುತ್ತಾರೆ. ಕಲ್ಲಿಗೆ ಎಣ್ಣೆ ಹಚ್ಚಿ, ಕುಂಚಿಗೆ ತೊಡಿಸಿ, ಕೂಸಿನಂತೆ ಮಲಗಿಸಿ ತೂಗುತ್ತಾರೆ. ಕೂಸೂ ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಹೆಂಡತಿ ಮಸಾಲೆ ಅರೆಯುವ ಸಣ್ಣ ಗುಂಡು ತಂದಿದ್ದಳು. ಅಕ್ಕಾರು ಅದನ್ನು ಕೈಯಲ್ಲಿ ತೂಗಿ ನೋಡಿದರು.

"ಇದು ಬ್ಯಾಡ್ರಿ. ಹಿತ್ತಲದಾಗ ದೊಡ್ಡ ಒಳ್ಳು ಐತಲ್ಲ, ಅದರ ಗುಂಡು ತರ್ರಿ."

"ಅಷ್ಟು ಭಾರದ್ದು ಯಾಕ್ರಿ ಅಕ್ಕಾರ?" ಎಂದಳು ಹೆಂಡತಿ.

"ಮೊಮ್ಮಗಳು ಗಟ್ಟಿ ಆಗೋದು ಬ್ಯಾಡೇನ್ರಿ?"

ಹೆಂಗಸರೆಲ್ಲ ನಕ್ಕರು. ಇಬ್ಬರು ಸೇರಿ ಆ ಒರಳುಗುಂಡನ್ನು ಹೊತ್ತು ತಂದು ತೊಟ್ಟಿಲಲ್ಲಿ ಮಲಗಿಸಿದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು... ಬಿಡಲಿಲ್ಲ. ಅಕ್ಕಾರು ಎಲ್ಲರನ್ನೂ ಎರಡು ಹೆಜ್ಜೆ ಹಿಂದೆ ಸರಿಸಿ, ತಾವೇ ದೂರದಿಂದ ಹಗ್ಗ ಹಿಡಿದು ತೂಗಿದರು. ಒಂದು ತೂಗು, ಎರಡು ತೂಗು. ಮೂರನೆಯದಕ್ಕೆ ಕಟ್ ಎಂದು ಮೂಲೆ ಬಿಚ್ಚಿ ಕಲ್ಲು ಧೊಪ್ಪನೆ ಕೆಳಗೆ ಬಿತ್ತು. ಬಿದ್ದ ಕಡೆ ನೆಲದ ಗಚ್ಚು ಒಡೆದು ಕುಳಿಯಾಯಿತು. ಕೂಸು ಮಗಳ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು.

ಮಾನ ಹೋಯಿತು ಎಂಬುದು ನನಗೆ ಹೊಳೆದದ್ದು ಆಮೇಲೆ. ಮೊದಲು ತಲೆಯಲ್ಲಿ ಬಂದದ್ದು ಇಷ್ಟೇ: ಬಿದ್ದದ್ದು ಕಲ್ಲು, ಕೂಸಲ್ಲ. ಕೂಸಿನ ಭಾರಕ್ಕೆ ಆ ಅಂಟು ಒಂದು ವಾರ ತಡೆಯುತ್ತಿತ್ತೋ, ಒಂದು ತಿಂಗಳು ತಡೆಯುತ್ತಿತ್ತೋ. ಬದುಕಿದೆವಪ್ಪ ಎಂದು ಗೋಡೆ ಹಿಡಿದು ಕುಳಿತೆ. ಕಣ್ಣಿಂದ ನೀರು ತಾನಾಗಿ ಇಳಿಯುತ್ತಿತ್ತು.

ಬೀಗರ ಕಡೆಯ ಮುದುಕಿಯೊಬ್ಬರು "ಅಪಶಕುನ ಆತಲ್ಲವಾ" ಎಂದರು.

"ಅಪಶಕುನ ಅಲ್ರಿ ಅಮ್ಮಾ," ಎಂದರು ಅಕ್ಕಾರು. "ಇದನ್ನ ಭಾರ ಹಾಕಿ ನೋಡಿ ಕಳಸೋದು ನನ್ನ ಕೆಲಸ ಇತ್ತು. ನಾ ನೋಡ್ಲಿಲ್ಲ. ತಪ್ಪು ನಂದು."

ನಾನು ಅಲ್ಲ ಎನ್ನಲಿಲ್ಲ. ಆ ದಿನ ಸೀರೆಯ ಜೋಲಿ ಕಟ್ಟಿ ಹೆಸರಿಟ್ಟೆವು.

ಮರುದಿನ ಮುರಿದ ತೊಟ್ಟಿಲು ತೆಗೆದುಕೊಂಡು ಗಿರಣಿಗೆ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅಕ್ಕಾರು, "ಕೂಸು ಹೆಂಗೈತ್ರಿ?" ಎಂದು ಕೇಳಿದರು.

"ಅರಾಮ ಐತ್ರಿ."

"ಹಂಗಾರ ಹೊಸಾ ಕಂಬ ಕೊರೀರಿ."

ಉಳಿ ಹಿಡಿದು ಅರ್ಧ ತಾಸಾದ ಮೇಲೆ, ಗಿಳಿಯ ಕೆಳಗಿನದು ನಿಮಗೆ ಹೇಗೆ ಗೊತ್ತಾಯಿತು ಎಂದು ನಾನೇ ಕೇಳಿದೆ.

"ಕಂಪೌಂಡರ್ರ, ಮೂವತ್ತು ವರ್ಷ ಹುಡುಗರ ಪೇಪರ್ ತಿದ್ದೀನಿ. ಉತ್ತರ ಬರದವರು ಚಿತ್ರ ದೊಡ್ಡದು ತೆಗೀತಾರ."

ಐದು ದಿನಕ್ಕೆ ಕಂಬ ಕೂತಿತು. ಭಾರ ಹಾಕಲು ಮರಳಿನ ಚೀಲ ಹುಡುಕುತ್ತಿದ್ದರೆ, "ಚೀಲ ಯಾಕ? ನೀವ ಕೂಡ್ರಿ" ಎಂದರು. ಎಂಬತ್ತು ಕಿಲೋದ ಅಜ್ಜ ನಾನು, ಕಾಲು ಹೊರಗೆ ಇಳಿಬಿಟ್ಟು ತೊಟ್ಟಿಲಲ್ಲಿ ಕುಳಿತೆ. ಟೇಲರ್ ಕಾಕಾ ತೂಗಿದರು. ತೊಟ್ಟಿಲು ಕಿರ್ ಎನ್ನಲಿಲ್ಲ. ಅಂದು ಮಾತ್ರ ಅಕ್ಕಾರೂ ಸೆರಗು ಬಾಯಿಗೆ ಹಿಡಿದು ನಕ್ಕರು.

ಮೊಮ್ಮಗಳು ಈಗ ಮೂರನೇ ಇಯತ್ತೆ ಓದುತ್ತಾಳೆ. ಅವಳ ತಮ್ಮನೂ ಅದೇ ತೊಟ್ಟಿಲಲ್ಲಿ ಬೆಳೆದ. ಅಕ್ಕಾರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಗಿರಣಿಯನ್ನು ಸದಸ್ಯರೇ ಸರದಿಯಂತೆ ತೆರೆದು ಮುಚ್ಚುತ್ತೇವೆ. ಆದರೆ ಬೀಗರ ಮನೆಯಲ್ಲಿ ಆ ತಪ್ಪು ಅಕ್ಕಾರ ಹೆಸರಿನಲ್ಲೇ ಉಳಿದಿದೆ ಎಂಬುದು ನನ್ನನ್ನು ಇಷ್ಟು ವರ್ಷ ಒಳಗೊಳಗೇ ತಿನ್ನುತ್ತಿತ್ತು. ಅವರಿದ್ದಾಗಲೇ ಹೇಳಬೇಕಿತ್ತು. ನಾಳೆ, ನಾಳೆ ಎಂದೇ ಕಳೆಯಿತು... ಅಟ್ಟದಿಂದ ಇಳಿದ ಮರುದಿನ ಬೆಳಿಗ್ಗೆ ಅಳ್ನಾವರದ ಬಸ್ಸು ಹತ್ತಿದೆ.

ಬೀಗತಿ ಚಹಾ ತಂದಿಟ್ಟರು. ನಾನು ತೂತು, ಅಂಟು, ಗಿಳಿ, ಟೆಂಪೋ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿದರು.

"ಚಹಾ ಆರತೈತಿ, ಕುಡೀರಿ ಬೀಗರ. ನಮಗದು ಅವತ್ತ ಗೊತ್ತಿತ್ತು. ತಪ್ಪು ನಂದು ಅಂದಾಕಿ ಆಕಿ, ಗ್ವಾಡಿಗೆ ಕುಂತು ಅತ್ತವರು ನೀವು."

"ಮತ್ತ ಒಮ್ಮೆನೂ ಅನ್ಲಿಲ್ಲಲ್ರಿ?"

"ನಮ್ಮ ಕೂಸಿನ್ನ ಉಳಿಸಿದಾಕಿ. ಆಕಿ ಮುಚ್ಚಿದ್ದನ್ನ ನಾವ್ಯಾಕ ತೆಗೀಬೇಕ್ರಿ?"

ಎದೆಯ ಮೇಲಿನ ಕಲ್ಲು ಇಳಿಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದೆ. ಊರಿಗೇ ಗೊತ್ತಿದ್ದ ಗುಟ್ಟನ್ನು ಇಷ್ಟು ವರ್ಷ ಕಾಯ್ದ ಶಾಣ್ಯಾ ನಾನು. ಕಲಘಟಗಿಯಲ್ಲಿ ಇಳಿದವನೇ, ಇದನ್ನು ಮೊದಲು ಅಕ್ಕಾರಿಗೆ ಹೇಳಬೇಕು, ಎಷ್ಟು ನಕ್ಕಾರು ಎಂದುಕೊಳ್ಳುತ್ತ ಗಿರಣಿಯ ಕಡೆಗೆ ದಡದಡ ನಡೆದೆ. ಅರ್ಧ ದಾರಿಗೆ ಬಂದ ಮೇಲೆ ಕಾಲುಗಳು ತಾವಾಗಿಯೇ ನಿಂತವು.