ಇಳಿಯುವ ಗೆರೆಯೂ ಗೌರಾಬಾಯಿಯೂ

ಪುಣೆಯ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ ಎಂಬ ಶುಭವಾರ್ತೆ ಸದಾಶಿವ ಪೇಠದ ಗೌರಾಬಾಯಿಗೆ ಊರಿನ ಉಳಿದ ಹೆಂಗಸರಿಗಿಂತ ಮೊದಲೇ ತಿಳಿಯುತ್ತಿತ್ತು. ಆಕೆಯ ಗಂಡ, ಧಾರವಾಡದ ಕಡೆಯಿಂದ ಬಂದ ಮಾರ್ತಾಂಡರಾಯರು, ಆರೋಗ್ಯದ ಅಂಕಿಅಂಶ ಕೂಡಿಸುವ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್. ಚಹಾ ಕುಡಿಯುತ್ತ ಅವರು ಕಚೇರಿಯ ನಕ್ಷೆಯ ಆ ಇಳಿಯುವ ಗೆರೆಯನ್ನು ಬೆರಳಿನಿಂದ ಗಾಳಿಯಲ್ಲಿ ಎಳೆದು ತೋರಿಸುವ ಠೀವಿ ನೋಡಿದರೆ, ರೋಗವನ್ನು ಅವರೇ ಕತ್ತು ಹಿಡಿದು ಊರಾಚೆ ದಬ್ಬಿದಂತಿತ್ತು.

1997ರ ಮಳೆಗಾಲ. ಮುಟ್ಟು ನಿಂತು ಬಹಳ ಕಾಲವಾಗಿದ್ದ ಗೌರಾಬಾಯಿಗೆ ಮತ್ತೆ ರಕ್ತ ಕಾಣಿಸಿತು. ಕೆಲವು ವಾರ ಮುಚ್ಚಿಟ್ಟು, ಕೊನೆಗೆ ಗಂಡನಿಗೆ ಹೇಳಿದಳು. ರಾಯರು ಪೇಪರಿನಿಂದ ತಲೆ ಎತ್ತದೆ, ಉಷ್ಣವಾಗಿರಬೇಕು, ಸಬ್ಜಾ ಬೀಜ ನೆನೆಹಾಕಿದ ನೀರು ಕುಡಿ ಎಂದರು. ಬೇರೆ ಏನಾದರೂ ಇದ್ದರೆ ಎಂದು ಆಕೆ ತಡವರಿಸಿದಾಗ ತಾಳ್ಮೆಯಿಂದ ವಿವರಿಸಿದರು: ಅದು ಹಳ್ಳಿಯವರ ರೋಗ, ಎಳೆ ವಯಸ್ಸಿನ ಮದುವೆ, ಸಾಲು ಹೆರಿಗೆ ಇರುವಲ್ಲಿ ಬರುವಂಥದ್ದು. ತನ್ನ ಮದುವೆ ಹದಿನೈದಕ್ಕೆ ಆದದ್ದೂ ನಾಲ್ಕು ಹೆತ್ತದ್ದೂ ಗೌರಾಬಾಯಿಗೆ ನೆನಪಿತ್ತು. ಕಟ್ಟಿಕೊಂಡವರೇ ಮರೆತಿದ್ದರೆ ಯಾರೇನು ಮಾಡಬೇಕು? ಸಬ್ಜಾ ಕುಡಿದಳು. ರಕ್ತ ಮಾತ್ರ ಅಂಕಿಅಂಶಕ್ಕೆ ಮರ್ಯಾದೆ ಕೊಡಲಿಲ್ಲ.

ದಸರೆಗೆ ಕನ್ನಡ ಸಂಘದಲ್ಲಿ ‘ಸ್ತ್ರೀಯರ ಆರೋಗ್ಯ’ ಎಂಬ ಉಪನ್ಯಾಸ. ಅದಕ್ಕೆ ಮಾರ್ತಾಂಡರಾಯರಿಗಿಂತ ತಕ್ಕ ಸ್ತ್ರೀ ಸಂಘಕ್ಕೆ ಸಿಗಲಿಲ್ಲ. ರೋಗ ಇಳಿದುದನ್ನು ಅವರು ಉದ್ದಕ್ಕೂ ಬಣ್ಣಿಸಿದರು. ಅದು ಬರುವ ಅಂಗದ ಹೆಸರನ್ನಷ್ಟೇ ನಾಲಿಗೆಗೆ ತಾಗಿಸಲಿಲ್ಲ. ಕೊನೆಗೆ ಪ್ರಶ್ನೆ ಕೇಳಿರಿ ಅಂದಾಗ ಗೌರಾಬಾಯಿ ಎದ್ದು ನಿಂತಳು.

“ಕಮ್ಮಿ ಆಗೇದ ಅಂದ್ರ ಬರೋದು ನಿಂತದ ಅಂತೇನ್ರಿ?”

ರಾಯರು ನಕ್ಕರು. “ಹಂಗಲ್ಲ. ಒಬ್ಬಿಬ್ಬರಿಗೆ ಬರ್ತಿರಬೇಕು. ಅವರು ಲೆಕ್ಕಕ್ಕಿಲ್ಲ.”

“ಹಂಗಾರ ನಾನೂ ಲೆಕ್ಕಕ್ಕಿಲ್ಲ ಅಂದಂಗಾತು,” ಎಂದು ಆಕೆ ಕೂತಳು.

ಗಂಡ-ಹೆಂಡಿರ ಚೇಷ್ಟೆ ಎಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿದ್ದ ನೆರೆಮನೆಯ ಕೃಷ್ಣಾಬಾಯಿ ತಟ್ಟಲಿಲ್ಲ. ದೌಂಡದಲ್ಲಿದ್ದ ಆಕೆಯ ತಂಗಿ ಇದೇ ರೋಗದಿಂದ ತೀರಿಕೊಂಡಿದ್ದಳು. ಯಾವಾಗಿನಿಂದ ಎಂದು ಕಿವಿಯಲ್ಲಿ ಕೇಳಿ, ಮರುದಿನವೇ ಗೌರಾಬಾಯಿಯನ್ನು ರಿಕ್ಷಾ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು.

ಪರೀಕ್ಷೆಯಾಗಿ ವರದಿ ಬಂತು. ಕ್ಯಾನ್ಸರೇ ಹೌದು, ಆದರೆ ಹರಡಿಲ್ಲ, ಗುಣವಾಗುತ್ತದೆ ಎಂದಳು ಡಾಕ್ಟರ್. ಗೌರಾಬಾಯಿ ಹೊರಗಿನ ಬೆಂಚಿನ ಮೇಲೆ ಸೆರಗು ಬಾಯಿಗೊತ್ತಿ ಅತ್ತಳು. ಅಳು ಮುಗಿದ ಮೇಲೆ ಉಳಿದದ್ದು ಸಿಟ್ಟು.

ಮನೆಯಲ್ಲಿ ರಾಯರು ವರದಿಯನ್ನು ಮತ್ತೆ ಮತ್ತೆ ಓದಿದರು. ಸರಿಯಾಗಿ ನೋಡಿದ್ದಾರೋ ಇಲ್ಲವೋ ಎಂದರು. ಆದರೆ ಓದುತ್ತಿದ್ದಂತೆ ಕೈಯಲ್ಲಿನ ಕಪ್ಪು ವಾಲಿ ಚಹಾ ಧೋತರದ ಮೇಲೆ ಚೆಲ್ಲಿತು. ಅದನ್ನು ಒರೆಸಿಕೊಳ್ಳುವುದೂ ಅವರಿಗೆ ತಿಳಿಯಲಿಲ್ಲ.

ಆಪರೇಷನ್ ಆಯಿತು, ಆಮೇಲೆ ರೇಡಿಯೇಷನ್. ವಾರ್ಡಿನಲ್ಲಿ ಲೆಕ್ಕಕ್ಕಿಲ್ಲದ ಹೆಂಗಸರು ಎಷ್ಟಿದ್ದರೆಂದರೆ, ಮಂಚ ಸಾಲದೆ ಕೆಲವರು ನೆಲದ ಮೇಲೆ ಮಲಗಿದ್ದರು. ರಾಯರು ದಿನವೂ ಗಂಜಿ ತಂದು ಕೊಟ್ಟರು, ನಿಜ. ಬೀಗರಿಗೆ ಮಾತ್ರ ಹರ್ನಿಯಾ ಎಂದು ಹೇಳಿ ಮನೆತನದ ಮಾನ ಕಾಪಾಡಿದರು.

ಮುಂದಿನ ವರ್ಷದ ಅಂಕಿ ಬಂದ ಸಂಜೆ ಅವರ ಮುಖ ಬೆಳಗುತ್ತಿತ್ತು. “ಈ ಸಲನೂ ಇಳದದ ನೋಡು.”

“ನನ್ನೂ ಲೆಕ್ಕಕ್ಕ ಹಿಡದೇನ್ರಿ?”

“ನಿನ್ನ ಹಿಡದ.”

“ಪುಣ್ಯಾ. ನಿಮ್ಮ ಗೆರಿಗೆ ನನ್ನಿಂದ ತ್ರಾಸ ಆಗಲಿಲ್ಲಲ್ಲ,” ಎಂದು ಆಕೆ ರೊಟ್ಟಿ ಬಡಿಯತೊಡಗಿದಳು.

ಹೊಸ ಶತಮಾನ ಬಂತು. ಗರ್ಭಕಂಠದ ಗೆರೆ ಇನ್ನೂ ಇಳಿಯಿತು, ಸ್ತನದ ಕ್ಯಾನ್ಸರಿನದು ಏರಿತು. ನಿವೃತ್ತರಾದ ರಾಯರು ಇದು ಕಲಿತ ಹೆಂಗಸರ ರೋಗ ಎಂದು ಕಟ್ಟೆಯ ಮೇಲೆ ಹೊಸ ಸಿದ್ಧಾಂತ ಮಂಡಿಸತೊಡಗಿದರು. ಗೌರಾಬಾಯಿ ಮತ್ತು ಕೃಷ್ಣಾಬಾಯಿ ಅಷ್ಟರಲ್ಲಿ ಓಣಿಯ ಹೆಂಗಸರನ್ನು ಒಬ್ಬೊಬ್ಬರಾಗಿ ತಪಾಸಣೆಗೆ ಕರೆದೊಯ್ಯುತ್ತಿದ್ದರು. ಜೀವ ಉಳಿಯುತ್ತದೆ ಎಂದರೆ ಯಾರೂ ಹೊರಡುತ್ತಿರಲಿಲ್ಲ. ಬರುವಾಗ ಕ್ಯಾಂಪ್ ಪೇಟೆಯಲ್ಲಿ ಐಸ್‌ಕ್ರೀಮ್ ಎಂದ ಮೇಲೆ ರಿಕ್ಷಾದಲ್ಲಿ ಜಾಗ ಸಾಲದಾಯಿತು.