ಎಂಟು ಸುತ್ತು ತಡೆಯುವ ಆಟ

ದಾಬಸ್‌ಪೇಟೆಯ ಗೋದಾಮಿನಲ್ಲಿ ಲಿಫ್ಟಿಗಾಗಿ ಎರಡು ನಿಮಿಷ ಕಾಯಲಾರದೆ ಏಣಿ ಹತ್ತಿ ಬಿದ್ದೆ. ಬಲಗಾಲು ಮುರಿಯಿತು. ತಪ್ಪು ಬೇರೆ ಯಾರದೂ ಅಲ್ಲ, ನನ್ನದೇ. ಆರು ವಾರ ಕಾಲು ಊರಬಾರದು ಎಂದರು ಡಾಕ್ಟರು.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಬೆಳಗ್ಗೆಯಿಂದಲೇ ಮಗ್ಗಗಳು ಬಡಿಯುತ್ತವೆ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಹಾಸಿಗೆ ಹಿಡಿದ ಮೇಲೆ ಅದರ ಒಂದೊಂದು ಏಟೂ ತಲೆಗೇ ಬಿದ್ದಂತಾಗುತ್ತಿತ್ತು. ಹೆಂಡತಿ ಕೆಲಸಕ್ಕೆ ಹೋಗಬೇಕು. ಹಾಗಾಗಿ ನನ್ನನ್ನು ನೋಡಿಕೊಳ್ಳಲು ಘಾಟಿ ದೇವಸ್ಥಾನದ ಹತ್ತಿರದ ಹಳ್ಳಿಯಿಂದ ಸೋದರತ್ತೆ ಬಂದಳು. ಮಾವ ಕೊರೊನಾದಲ್ಲಿ ತೀರಿಕೊಂಡ ಮೇಲೆ ಅವಳು ಊರು ಬಿಟ್ಟು ಬಂದದ್ದು ಅದೇ ಮೊದಲು.

ಜೊತೆಗೆ ಕೆಲಸ ಮಾಡುವ ಗೆಳೆಯನೊಬ್ಬ ನೋಡಲು ಬಂದಾಗ ಒಂದು ಡಬ್ಬಿ ಕೊಟ್ಟುಹೋದ. ಒಬ್ಬನೇ ಕೂತು ಆಡುವ ಯುದ್ಧದ ಆಟ. ಹಿಮ ಬಿದ್ದ ಯಾವುದೋ ದೇಶದ ನಕ್ಷೆ, ರಟ್ಟಿನ ಬಿಲ್ಲೆಗಳು, ಎರಡು ದಾಳ. ಶತ್ರು ಹೇಗೆ ಮುಂದೆ ಬರಬೇಕೆಂದು ಹೇಳಲು ಒಂದು ಕಟ್ಟು ಚೀಟಿ. ಹಾಸಿಗೆಯ ಮೇಲೆ ಮಣೆ ಇಟ್ಟು ಹರವಿಕೊಂಡೆ.

“ಯಾರ್ ಜೊತೆ ಆಡ್ತಿದೀಯೋ?” ಎಂದಳು ಅತ್ತೆ. ಚೌಕಾಬಾರದಲ್ಲಿ ಅವಳನ್ನು ಸೋಲಿಸಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

“ಯಾರೂ ಇಲ್ಲ ಅತ್ತೆ. ಅವರು ಚೀಟಿಯಲ್ಲಿರೋ ಹಂಗೆ ಬರ್ತಾರೆ. ನಾನು ತಡೀಬೇಕು.”

“ಗೆಲ್ಲೋದು ಹೆಂಗೆ?”

“ಗೆಲ್ಲಕ್ಕಾಗಲ್ಲ. ಅವರು ಜಾಸ್ತಿ ಜನ. ಎಂಟು ಸುತ್ತು ತಡ ಮಾಡಿದ್ರೆ ಸಾಕು, ಅಷ್ಟರಲ್ಲಿ ಊರಿನೋರು ಪಾರಾಗ್ತಾರೆ.”

“ಒಳ್ಳೇ ಆಟ,” ಎಂದು ಅವಳು ಅವರೆಕಾಯಿ ಬಿಡಿಸುತ್ತ ಅಲ್ಲೇ ಕೂತಳು.

ತಡ ಮಾಡುವುದು ನನಗೆ ಒಗ್ಗುವ ಕೆಲಸವಲ್ಲ. ಇದ್ದ ಬಿಲ್ಲೆಗಳನ್ನೆಲ್ಲ ನಕ್ಷೆಯ ದಾರಿಯ ಮೊದಲ ತಿರುವಿನಲ್ಲೇ ನಿಲ್ಲಿಸಿ ಮೇಲೆ ಬೀಳುತ್ತಿದ್ದೆ. ನಾಲ್ಕನೇ ಸುತ್ತಿಗೆ ಎಲ್ಲರೂ ಸತ್ತಿರುತ್ತಿದ್ದರು. ಮತ್ತೆ ಜೋಡಿಸುವುದು, ಮತ್ತೆ ಸೋಲುವುದು. ಸಿಟ್ಟಿಗೆ ಒಮ್ಮೆ ದಾಳ ಎಸೆದೆ. ಇನ್ನೊಮ್ಮೆ ಕಾಫಿ ತಣ್ಣಗಿದೆ ಎಂದು ಹೆಂಡತಿಯ ಮೇಲೆ ರೇಗಿದೆ. ಮೂರನೇ ದಿನ ಅತ್ತೆಗೆ ತಡೆಯಲಾಗಲಿಲ್ಲ.

“ಏನ್ಲಾ ಅಲ್ಲೇ ನಿಂತು ಸಾಯ್ತೀಯ? ಒಂದೊಂದೇ ಮನೆ ಹಿಂದಕ್ಕೆ ಬಾ.”

ಹಾಗೇ ಮಾಡಿದೆ. ಹೊಡೆದು ಹಿಂದೆ ಸರಿದು, ಕಾಡು ದಾಟಿ, ಹೊಳೆಯ ಸೇತುವೆಯವರೆಗೆ ಬಂದೆ. ಏಳನೇ ಸುತ್ತು ಬಂತು. ಇಬ್ಬರು ಸೈನಿಕರ ಚಿತ್ರವಿದ್ದ ಒಂದು ಬಿಲ್ಲೆಯನ್ನು ಸೇತುವೆಯ ಮೇಲೆ ಬಿಟ್ಟು ಉಳಿದವರನ್ನು ಈಚೆ ದಡಕ್ಕೆ ತಂದೆ.

“ಇವರು?” ಅತ್ತೆ ಬೆರಳಿಟ್ಟಳು.

“ಇವರು ಬರಲ್ಲ. ಇವರು ನಿಂತ್ರೆ ಮಿಕ್ಕೋರು ಉಳೀತಾರೆ.”

ಎಂಟನೇ ಸುತ್ತು ಮುಗಿಯಿತು. ಮೊದಲ ಬಾರಿಗೆ ಎಂಟೂ ಸುತ್ತು ತಡೆದಿದ್ದೆ. ಅತ್ತೆಯ ಕೈ ಮಾತ್ರ ಅವರೆಕಾಯಿಯ ಮೇಲೆ ನಿಂತುಹೋಗಿತ್ತು.

“ನಾನೂ ನಿಮ್ಮಾವನ್ನ ಹಿಂಗೇ ಬಿಟ್ಟು ಬಂದೆ, ಅಲ್ವೇನೋ?”

ಆವತ್ತು ಆಸ್ಪತ್ರೆಗೆ ಕಾರು ಓಡಿಸಿದವನು ನಾನೇ. ಮಾವನನ್ನು ಒಳಗೆ ಕರೆದೊಯ್ದ ಮೇಲೆ ಅವಳು ಗೇಟಿನ ಸರಳು ಹಿಡಿದು ನಿಂತಿದ್ದಳು. ಅಲ್ಲಿ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. “ನಡಿ ಅತ್ತೆ, ನಿಂತ್ರೆ ಏನ್ ಬರುತ್ತೆ?” ಎಂದು ಹತ್ತೇ ನಿಮಿಷದಲ್ಲಿ ಹೊರಡಿಸಿಬಿಟ್ಟೆ. ಮಾವ ವಾಪಸು ಬರಲಿಲ್ಲ. ಇಷ್ಟು ವರ್ಷ ಅವಳೂ ಅದನ್ನು ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ.

ಎದ್ದು ಆಚೆ ಹೋಗೋಣವೆಂದರೆ ಕಾಲಿಗೆ ಪ್ಲಾಸ್ಟರ್ ಹಾಕಿತ್ತು. ಕೂತಲ್ಲೇ ಹೇಳಿದೆ: “ಆವತ್ತು ನಾನು ಅವಸರ ಮಾಡಬಾರದಿತ್ತು ಅತ್ತೆ.”

ಅವಳು ಒಂದು ಅವರೆಕಾಯಿ ಬಿಡಿಸಿದಳು. “ನಿಂತಿದ್ರೂ ಒಳಕ್ಕೆ ಬಿಡ್ತಿರಲಿಲ್ಲ ಕಣೋ. ಆಮೇಲೆ ನಂಗೂ ಅಂಟ್ಕೊಂಡಿರೋದು.” ಆ ಇಬ್ಬರು ಸೈನಿಕರ ಬಿಲ್ಲೆಯನ್ನು ಕೈಗೆತ್ತಿಕೊಂಡಳು. “ಆದ್ರೂ ಒಂಚೂರು ನಿಲ್ಬೋದಿತ್ತು.”

ಸಮಾಧಾನಕ್ಕೂ ಅವಳು ಸುಳ್ಳು ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಂಚದ ತುದಿಗೆ ಬಂದು ಕೂತು, ಮಾವ ಕೊನೆಯ ಸಲ ಕಾರಿನಲ್ಲಿ ಏನೇನು ಮಾತಾಡಿದ್ದ ಎಂದು ಕೇಳಿದಳು. ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಅವನ ಸಣ್ಣ ದನಿ ಹಿಂದೆ ಕೂತ ಅವಳಿಗೆ ಕೇಳಿಸಿರಲಿಲ್ಲವಂತೆ. ನೆನಪಿದ್ದಷ್ಟನ್ನೂ ಹೇಳಿದೆ: ರಾಗಿ ಹೊಲದ ಮಾತು, ಕಿಟಕಿ ಇಳಿಸು ಅಂದದ್ದು, ಹಸುವಿಗೆ ನೀರಿಟ್ಟೆಯೋ ಇಲ್ಲವೋ ಎಂದು ಅವಳ ಹೆಸರು ಹಿಡಿದು ಕೇಳಿದ್ದು. ಅದನ್ನು ಮತ್ತೊಮ್ಮೆ ಹೇಳು ಎಂದಳು. ಹೇಳಿದೆ.