ಅಣ್ಣಣ್ಣನ ಶುಕ್ರವಾರದ ಬ್ಯಾಂಕು

ಅಣ್ಣು ಬಂಗೇರನಿಗೆ ಅಣ್ಣಣ್ಣ ಅಂತ ಮೊದಲು ಹೆಸರಿಟ್ಟವರು ಯಾರು ಅಂತ ಈಗ ಯಾರಿಗೂ ನೆನಪಿಲ್ಲ. ಹೆಸರೇ ಅಣ್ಣು, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ, ಅದಕ್ಕೊಂದು ಅಣ್ಣ ಸೇರಿಸಿದರೆ ಮತ್ತೇನಾಗುತ್ತದೆ. ಆದರೆ ಆ ಹೆಸರು ನಡೆಯುತ್ತಿದ್ದುದು ದೋಹಾದ ಅಂಚಿನ ಮುಐದರ್‌ನ ವಿಲ್ಲಾದಲ್ಲಿ ಮಾತ್ರ. ಆಫೀಸಿನಲ್ಲಿ ಅವನು ಬರೀ ಅಣ್ಣು. ಐವತ್ತನಾಲ್ಕು ವರ್ಷದ ಆಫೀಸ್ ಬಾಯ್. ಬೆಳಿಗ್ಗೆ ಏಳರಿಂದ ಸಂಜೆಯವರೆಗೆ ಟ್ರೇ ಹಿಡಿದುಕೊಂಡು ಈ ಬಾಗಿಲಿಂದ ಆ ಬಾಗಿಲಿಗೆ. ಒಳಗೆ ಮೀಟಿಂಗ್ ನಡೆಯುತ್ತಿದ್ದರೆ ಮಾತು ಮುಗಿಯುವವರೆಗೆ ಹೊರಗೆ ನಿಲ್ಲಬೇಕು. ಚಾ ತಣ್ಣಗಾದರೆ ಮತ್ತೆ ಅವನಿಗೇ ಬೈಗುಳ. ದೊಡ್ಡವರ ಮಾತು ಬೇಗ ಮುಗಿಯುವುದುಂಟೇ?

ಆ ವಿಲ್ಲಾ ಅಂದರೆ ಹೊರಗಿನಿಂದ ನೋಡಿದರೆ ಯಾರೋ ಶ್ರೀಮಂತರ ಬಂಗಲೆ ಅನ್ನಬೇಕು. ಒಳಗೆ ಪ್ಲೈವುಡ್ ಹೊಡೆದು ಹೊಡೆದು ಹನ್ನೊಂದು ಕೋಣೆ ಮಾಡಿದ್ದರು. ತುಳು ಮಾತಾಡುವವರು, ಕೊಂಕಣಿಯವರು, ಬ್ಯಾರಿಗಳು, ಕುಂದಾಪುರದ ಕಡೆಯವರು ಅಂತ ಇಪ್ಪತ್ತಕ್ಕೂ ಮಿಕ್ಕಿ ಗಂಡಸರು. ಎಲ್ಲರಿಗೂ ಪೂರೈಸುವ ಭಾಷೆ ಕನ್ನಡ ಒಂದೇ ಆದ್ದರಿಂದ ಹಾಲ್‌ನಲ್ಲಿ ಕನ್ನಡ, ಕೋಣೆಯೊಳಗೆ ಅವರವರದ್ದು. ರಜೆಯ ಶುಕ್ರವಾರ ಬಂತೆಂದರೆ ಎ.ಸಿ. ಮೆಕ್ಯಾನಿಕ್ ಝೇವಿಯರ್ ದೊಡ್ಡ ಪಾತ್ರೆಯಲ್ಲಿ ಅಂಜಲ್ ಮೀನಿನ ಸಾರು ಇಡುತ್ತಿದ್ದ. ಅಂಗಡಿಯ ಹುಣಸೆ ಅವನಿಗೆ ಆಗುವುದಿಲ್ಲ, ಊರಿನದ್ದೇ ಬೇಕು. ಊರಿಂದ ಬಂದವರ ಪೆಟ್ಟಿಗೆಯಲ್ಲಿ ಬಟ್ಟೆ ಇಲ್ಲದಿದ್ದರೂ ಹುಣಸೆಯ ಉಂಡೆ ಇರಲೇಬೇಕು. ಹಾಗೆ ಬಂದ ಹುಣಸೆಯ ಬೀಜ ತೊಳೆದು ತಾರಸಿಯಲ್ಲಿ ಹರವಿದರೆ ಆ ಬಿಸಿಲಿಗೆ ಒಂದು ಗಂಟೆ ಸಾಕು, ಕರೀ ಮಣಿಗಳ ಹಾಗೆ ಹೊಳೆಯುತ್ತಿದ್ದವು.

ಊಟವಾದ ಮೇಲೆ ಆ ಬೀಜವಿಟ್ಟು ಇಪ್ಪತ್ತೊಂದು ಆಡುತ್ತಿದ್ದರು. ಇಸ್ಪೀಟಿನಲ್ಲಿ ಅದಕ್ಕಿಂತ ಸುಲಭದ ಆಟ ಇಲ್ಲ. ಬ್ಯಾಂಕು ಹಿಡಿದವನು ಎಲ್ಲರಿಗೂ ಎರಡೆರಡು ಎಲೆ ಹಾಕುತ್ತಾನೆ, ಬೇಕಾದವರು ಇನ್ನೊಂದು ಕೇಳಬಹುದು. ಎಲೆಗಳ ಲೆಕ್ಕ ಇಪ್ಪತ್ತೊಂದರ ಹತ್ತಿರ ಹೋಗಬೇಕು, ಮೀರಿದರೆ ಹೋಯಿತು. ಎಕ್ಕಕ್ಕೆ ಹನ್ನೊಂದು, ರಾಜ ರಾಣಿಗೆ ಹತ್ತು. ಒಬ್ಬೊಬ್ಬನಿಗೆ ಮೂವತ್ತು ಬೀಜ. ದುಡ್ಡು ಇಡುವಂತಿಲ್ಲ, ಆ ದೇಶದಲ್ಲಿ ಜೂಜು ಅಂದರೆ ಒಳಗೆ ಹಾಕಿ ಆಮೇಲೆ ವಿಮಾನ ಹತ್ತಿಸುತ್ತಾರೆ. ಕೊನೆಗೆ ಯಾರ ಹತ್ತಿರ ಬೀಜ ಹೆಚ್ಚೋ ಅವನಿಗೆ ರಾತ್ರಿ ಮೀನಿನ ತಲೆ, ಯಾರ ಹತ್ತಿರ ಕಡಿಮೆಯೋ ಅವನು ಸಾರಿನ ಪಾತ್ರೆ ಉಜ್ಜಬೇಕು. ಅಷ್ಟೇ ಪಣ.

ಇನ್ನೊಂದು ಕಟ್ಟಳೆಯಿತ್ತು. ಮೊದಲ ಎರಡೇ ಎಲೆಯಲ್ಲಿ ಯಾರಿಗಾದರೂ ಎಕ್ಕವೂ ಹತ್ತೋ ರಾಜನೋ ರಾಣಿಯೋ ಬಿದ್ದು ನೇರ ಇಪ್ಪತ್ತೊಂದಾದರೆ, ಇಟ್ಟ ಬೀಜದ ಎರಡು ಪಟ್ಟು ಅವನಿಗೆ. ಅದರ ಜೊತೆಗೆ ಬ್ಯಾಂಕೂ ಅವನಿಗೇ. ಕಟ್ಟು ಅವನ ಕೈಗೆ, ಗೋಡೆಗೆ ಒರಗಿ ಕೂರುವ ಜಾಗವೂ ಅವನಿಗೆ. ಮುಂದಿನವನಿಗೆ ಎಕ್ಕ ಬೀಳುವವರೆಗೆ ಅವನೇ ಯಜಮಾನ.

ಅಣ್ಣುವಿನ ವಾರ ನಡೆಯುತ್ತಿದ್ದುದೇ ಅದಕ್ಕಾಗಿ. ಅವನು ಒಂದೊಂದೇ ಬೀಜ ಇಡುವವನು, ಮೂರು ಗಂಟೆ ಆಡಿದರೂ ಹತ್ತು ಗೆಲ್ಲುವುದಿಲ್ಲ, ಹತ್ತು ಸೋಲುವುದಿಲ್ಲ. ಆದರೆ ಮಧ್ಯಾಹ್ನದಲ್ಲಿ ಒಂದು ಸಲವಾದರೂ ಬ್ಯಾಂಕು ಸುತ್ತಿ ಸುತ್ತಿ ಅವನ ಕೈಗೆ ಬರುತ್ತಿತ್ತು. ಆಗ ಅವನು ನಿಧಾನವಾಗುತ್ತಿದ್ದ. ಒಬ್ಬೊಬ್ಬರ ಮುಖ ನೋಡಿ "ಬೇಕಾ, ಸಾಕಾ?" ಅಂತ ಕೇಳುತ್ತಿದ್ದ. ಅವನದೇ ಆಫೀಸಿನ ಅಕೌಂಟೆಂಟ್ ಯಜ್ಞೇಶ್, ವಾರವಿಡೀ ಚಾ ತಂದಿಟ್ಟರೆ ಕಂಪ್ಯೂಟರಿನಿಂದ ಕಣ್ಣೆತ್ತದವನು, ಅಲ್ಲಿ ಮಂಡಿಯ ಮೇಲೆ ಮುಂದೆ ಬಾಗುತ್ತಿದ್ದ.

"ಅಣ್ಣಣ್ಣ, ಒಂದು ಸಣ್ಣ ಎಲೆ ಕೊಡಿ ಮಾರಾಯ್ರೆ. ನಾಲ್ಕೋ ಮೂರೋ."

"ಅರ್ಜೆಂಟ್ ಮಾಡ್ಬೇಡಿ ಸಾರ್. ಎಲೆ ಇನ್ನೂ ಕುದೀತಾ ಉಂಟು."

ಎಲ್ಲರೂ ನಗುತ್ತಿದ್ದರು. ಎಂಟು ಜನ ತನ್ನ ಕೈ ನೋಡುತ್ತಾ ಕಾಯುವ ಆ ಅರ್ಧ ಗಂಟೆ ಇತ್ತಲ್ಲ, ಅದನ್ನು ನೆನೆದುಕೊಂಡು ಅಣ್ಣು ಮುಂದಿನ ಆರು ದಿನ ಬಾಗಿಲ ಹೊರಗೆ ನಿಲ್ಲುತ್ತಿದ್ದ.

ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದು ಎರಡು ವರ್ಷ ಕಳೆದಿತ್ತು. ಲೋಕದಲ್ಲೆಲ್ಲ ದುಡ್ಡಿನ ಬಿಗಿ ಅಂತ ಸುದ್ದಿ. ಆಗ ಬಂದ ವಿಕಾಸ್. ಮೂಡುಬಿದಿರೆಯ ಹುಡುಗ, ಇಪ್ಪತ್ತೇಳೋ ಇಪ್ಪತ್ತೆಂಟೋ. ನಾಲ್ಕು ವರ್ಷ ಪ್ರವಾಸಿ ಹಡಗೊಂದರ ಕೆಸಿನೊದಲ್ಲಿ ಎಲೆ ಹಂಚುವ ಕೆಲಸ ಮಾಡಿದ್ದ. ಹಡಗು ಹತ್ತುವವರು ಕಡಿಮೆಯಾದರು, ಇವನನ್ನು ಇಳಿಸಿದರು. ಇಲ್ಲಿ ಹೋಟೆಲೊಂದರಲ್ಲಿ ಪಾರ್ಟಿ ಹಾಲ್‌ನ ಮೇಜು ಕುರ್ಚಿ ಹೊರುವುದು. ಪಾಪ, ಆ ಬೆರಳುಗಳನ್ನು ನೋಡಬೇಕಿತ್ತು, ವೀಣೆ ನುಡಿಸಬೇಕಾದ ಬೆರಳು. ಮೊದಲ ಶುಕ್ರವಾರ ಸುಮ್ಮನೆ ನೋಡುತ್ತಾ ಕೂತಿದ್ದ. ಮುಗಿಯುವ ಹೊತ್ತಿಗೆ "ಒಮ್ಮೆ ಕೊಡಿ" ಅಂತ ಕಟ್ಟು ಇಸಿದುಕೊಂಡು ಬೀಸಣಿಗೆಯ ಹಾಗೆ ಬಿಚ್ಚಿ, ಮಡಚಿ, ಒಂದು ಕೈಯಿಂದ ಇನ್ನೊಂದು ಕೈಗೆ ನೀರಿನಂತೆ ಹರಿಸಿದ. ಝೇವಿಯರ್ ಸೌಟು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟ.

ಅವನು ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಒಂದು ಕೆಲಸ ಚೆನ್ನಾಗಿ ಗೊತ್ತಿದ್ದವನು, ಆ ಕೆಲಸ ಹೋದ ಮೇಲೆ ಇನ್ನೇನು ಮಾಡುತ್ತಾನೆ?

ಎರಡನೇ ವಾರ ಎರಡು ಕಟ್ಟು ಸೇರಿಸಿ ಕಲಸಿದ. ಬ್ಯಾಂಕು ತನ್ನ ಹತ್ತಿರವೇ ಇರಲಿ ಅಂದ. "ಹಡಗಲ್ಲಿ ಬ್ಯಾಂಕ್ ತಿರುಗುದಿಲ್ಲ. ಅದು ಯಾವಾಗ್ಲೂ ಹೌಸಿಂದು. ಹೀಗಾದ್ರೆ ಆಟ ಸ್ಪೀಡ್ ಆಗ್ತದೆ." ಅವನ ಕೈಚಳಕ ನೋಡುವ ಖುಷಿಯಲ್ಲಿ ಎಲ್ಲರೂ ಹೂಂ ಅಂದರು. ಅಣ್ಣುವೂ ಅಂದ. ಮೂರನೇ ವಾರ ಎಕ್ಕ-ರಾಜ ಬಿದ್ದರೆ ಎರಡು ಪಟ್ಟು ಇಲ್ಲ, ಐದಕ್ಕೆ ಆರು ಅಂತಾಯಿತು.

"ಐದಕ್ಕೆ ಹತ್ತು ಸಿಗ್ತಿತ್ತಲ್ವಾ ಮಾರಾಯ?" ಅಂದ ಝೇವಿಯರ್.

"ಹಡಗಲ್ಲಿ ಮೊದ್ಲು ಏಳೂವರೆ ಇತ್ತು. ನಾನು ಬಿಡುವಾಗ ಸಣ್ಣ ಟೇಬಲಲ್ಲೆಲ್ಲ ಆರೇ ಮಾಡಿದ್ರು."

"ಎಂತಕ್ಕೆ?"

ವಿಕಾಸ್ ಸ್ವಲ್ಪ ಯೋಚಿಸಿದ. "ಎಂತಕ್ಕಂದ್ರೆ, ಆರು ಮಾಡಿದ್ರೂ ಜನ ಆಡ್ತಾರಲ್ಲ."

ನಾಲ್ಕನೇ ವಾರ, ಸಲಕ್ಕೆ ಕನಿಷ್ಠ ಐದು ಬೀಜ ಇಡಬೇಕು. ಒಂದೊಂದು ಇಡುವವರಿಂದ ಟೇಬಲ್ ನಿಧಾನವಾಗುತ್ತದೆಯಂತೆ. ಹಡಗಿನಲ್ಲಿಯೂ ಹಾಗೇ, ನಗುತ್ತಾ ಹರಟುತ್ತಾ ಚಿಲ್ಲರೆ ಇಟ್ಟು ಕೂರುವ ಅಜ್ಜ ಅಜ್ಜಿಯರ ಟೇಬಲನ್ನೇ ಮೊದಲು ತೆಗೆದದ್ದಂತೆ. ಇದನ್ನೆಲ್ಲ ಅವನು ಬಸ್ಸಿನ ಟೈಮ್ ಹೇಳುವ ಹಾಗೆ ಹೇಳಿದ.

ಮೂವತ್ತು ಬೀಜ, ಸಲಕ್ಕೆ ಐದು. ಅಣ್ಣು ಕಾಲು ಗಂಟೆಯಲ್ಲಿ ಖಾಲಿ. ಚಾಪೆಯ ಅಂಚಿನಲ್ಲಿ ಕಾಲು ಮಡಚಿ ಕೂತ. ಯಜ್ಞೇಶನಿಗೆ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ. ತನ್ನ ಎಲೆ ನೋಡುತ್ತಲೇ ಹೇಳಿದ, "ಅಣ್ಣಣ್ಣ, ಹೇಗೂ ಖಾಲಿ ಕೂತಿದ್ದೀರಲ್ಲ, ಒಂದು ರೌಂಡ್ ಚಾ ಇಡ್ತೀರಾ?"

ಅಣ್ಣು ಎದ್ದ. ಚಾ ಮಾಡಿ, ಸೋಸಿ, ಟ್ರೇಯಲ್ಲಿಟ್ಟುಕೊಂಡು ಹಾಲ್‌ಗೆ ಬಂದ. ಒಂದು ಆಟ ಅರ್ಧದಲ್ಲಿತ್ತು. ಮುಗಿಯಲಿ ಅಂತ ಬಾಗಿಲಲ್ಲಿ ನಿಂತ. ಎಷ್ಟೋ ಹೊತ್ತಾದ ಮೇಲೆ ಅವನಿಗೆ ಹೊಳೆಯಿತು, ಇವತ್ತು ಶುಕ್ರವಾರ.

ಮುಂದಿನ ವಾರ ಅವನಿಗೆ ಎಕ್ಕ-ರಾಜ ಬಿತ್ತು. ಇಸ್ಪೀಟಿನ ಎಕ್ಕ, ಕಳಾವರದ ರಾಜ. ಅಷ್ಟು ವರ್ಷದ ಅಭ್ಯಾಸ ನೋಡಿ, ಎರಡೂ ಕೈ ತಾವಾಗಿಯೇ ಮುಂದೆ ಹೋದವು, ಕಟ್ಟು ತೆಗೆದುಕೊಳ್ಳಲು. ಎದ್ದು ಗೋಡೆಯ ಕಡೆ ಜರುಗಿಯೂ ಬಿಟ್ಟಿದ್ದ.

"ಅಣ್ಣಣ್ಣ, ಬ್ಯಾಂಕ್ ಅಲ್ಲ," ಅಂದ ವಿಕಾಸ್, ಮೆಲ್ಲಗೇ. ಚಾಚಿದ ಕೈಯಲ್ಲಿ ಆರು ಬೀಜ ಎಣಿಸಿಟ್ಟ. ಯಾರೋ ನಕ್ಕರು. ಅಣ್ಣುವೂ ನಕ್ಕ, ನಗದೆ ಇದ್ದರೆ ಇನ್ನೂ ನಾಚಿಕೆ.

ಭಾನುವಾರ ಆಫೀಸಿನ ಪಿಕಪ್‌ನಲ್ಲಿ ಹೋಗುವಾಗ ಡ್ರೈವರ್ ಶಾಹುಲ್ ಹಮೀದ್ ಕೇಳಿದ. ಅವನೂ ಅದೇ ವಿಲ್ಲಾದವನು, ಆದರೆ ಎಲೆ ಮುಟ್ಟುವವನಲ್ಲ. ಜುಮಾ ನಮಾಜು ಮುಗಿಸಿ ಬಂದು ಅದೇ ಹಾಲ್‌ನ ಮೂಲೆಯಲ್ಲಿ ಗೊರಕೆ ಹೊಡೆಯುವವನು.

"ಎಂತ ಅಣ್ಣಣ್ಣ, ಎರಡು ದಿನದಿಂದ ಮುಖ ಬಾಡಿದೆ. ಮೀನಿನ ತಲೆ ಸಿಗ್ಲಿಲ್ಲಾಂತಲಾ?"

"ತಲೆ ಯಾರಿಗೆ ಬೇಕು ಶಾಹುಲ್ಲಾ. ಗೆಲ್ಲುದೂ ಬೇಡ ನಂಗೆ. ಆ ಬ್ಯಾಂಕ್ ವಾರಕ್ಕೊಮ್ಮೆ ಕೈಗೆ ಬರ್ಬೇಕು. ಅದೂ ಇಲ್ಲಾಂತಾದ್ರೆ ಅಲ್ಲಿ ಕೂತು ಎಂತ ಮಾಡುದು? ಚಾ ಕೊಡ್ಲಿಕ್ಕಾ?"

"ಹಾಗೇ ಹೇಳಿ ಅವ್ರಿಗೆ."

"ಸಣ್ಣ ಮಕ್ಕಳ ಹಾಗೆ ಬ್ಯಾಂಕ್ ಕೊಡೀಂತ ಅಳ್ಲಿಕ್ಕಾಗ್ತದಾ ಈ ವಯಸ್ಸಲ್ಲಿ?"

ಶಾಹುಲ್ ಗೇರ್ ಬದಲಿಸಿದ. "ಹಾಗಾದ್ರೆ ಖಲಾಸ್. ಶುಕ್ರವಾರ ನನ್ನೊಟ್ಟಿಗೆ ಉಮ್ಮ್ ಸಲಾಲಿಗೆ ಬನ್ನಿ. ಅಲ್ಲಿ ತಂಗಿ ಖದೀಜಾ ನೀರ್‌ದೋಸೆ ಮಾಡ್ತಾಳೆ. ತಿಂದು ಮಲಗುವಾ."

ಅಣ್ಣು ಹೊರಗೆ ನೋಡುತ್ತಾ ಕೂತ. "ಒಂದು ವಾರ ನೋಡ್ತೇನೆ. ಸರಿಯಾಗದಿದ್ರೆ ಮತ್ತೆ ಬರ್ತೇನೆ, ಎಲ್ಲಾ ವಾರ," ಅಂದ.

ಆ ಶುಕ್ರವಾರ ಆರನೇ ಆಟಕ್ಕೆ ಅಣ್ಣುವಿನ ಬೀಜ ಮುಗಿದವು. ಯಜ್ಞೇಶ್ ಎಂದಿನ ಹಾಗೆ, "ಅಣ್ಣಣ್ಣ, ಚಾ" ಅಂದ.

ಅಣ್ಣು ಏಳಲಿಲ್ಲ.

"ವಿಕಾಸಾ, ಹಡಗಲ್ಲಿ ಆಡುವವ್ರಿಗೆ ಚಾ ಯಾರು ಕೊಡುದು?"

"ಚಾ ಅಲ್ಲ, ಡ್ರಿಂಕ್ಸ್ ಅಣ್ಣಣ್ಣ. ಕೂತಲ್ಲಿಗೇ ಬರ್ತದೆ. ಫ್ರೀ."

"ಯಾರು ತರುದು?"

"ಹೌಸಿನವ್ರು."

"ಹೌಸ್ ಅಂದ್ರೆ?"

"ಬ್ಯಾಂಕ್ ಯಾರದ್ದೋ ಅವ್ರು."

"ಇಲ್ಲಿ ಬ್ಯಾಂಕ್ ಯಾರದ್ದು?"

ವಿಕಾಸನ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. ಮೊದಲು ನಕ್ಕದ್ದು ಝೇವಿಯರ್, ತೊಡೆ ಬಡಿದುಕೊಂಡು. "ಸಿಕ್ಕಿ ಬಿದ್ದಿ ಮಾರಾಯ ನೀನು. ಯಲ್ಲಾ, ಏಳು, ಫ್ರೀ ಚಾ ತಾ."

"ಹೌದಲ್ವಾ, ರೂಲ್ ಅಂದ್ರೆ ರೂಲ್," ಅಂದರು ಉಳಿದವರು.

"ಮೂರು ಜನಕ್ಕೆ ಸಕ್ಕರೆ ಬೇಡ," ಅಂದ ಅಣ್ಣು. "ಝೇವಿಯರಿಗೆ ಎರಡು. ಯಜ್ಞೇಶ್ ಸಾರಿಗೆ ಒಂದೂವರೆ, ಹಾಲು ಕಡಿಮೆ."

ಯಜ್ಞೇಶ್ ಎಲೆಯಿಂದ ಕಣ್ಣೆತ್ತಿದ. ಅಣ್ಣುವಿನ ಮುಖ ನೋಡಿದ. ಆಮೇಲೆ ವಿಕಾಸನಿಗೆ, "ಕಟ್ಟು ಇಟ್ಟು ಹೋಗು. ಚಾ ಆಗುವವರೆಗೆ ನಾವು ನೊಣ ಹೊಡೆಯುದಾ?" ಅಂದ.

ಕಟ್ಟನ್ನು ಯಾರ ಕೈಗೆ ಕೊಡುವುದು ಅಂತ ವಿಕಾಸ್ ಸುತ್ತ ನೋಡಿದ. ಎಲ್ಲರೂ ನೋಡುತ್ತಿದ್ದುದು ಒಂದೇ ಕಡೆ. "ಬರುವವರೆಗೆ ಹಿಡ್ಕೊಳ್ಳಿ ಅಣ್ಣಣ್ಣ," ಅಂತ ಅವನ ಮುಂದಿಟ್ಟು ಅಡುಗೆಮನೆಗೆ ಹೋದ.

ಅಣ್ಣು ಗೋಡೆಗೆ ಒರಗಿ ಕೂತ. ಎರಡು ಕಟ್ಟು ಅವನ ಕೈಯಲ್ಲಿ ಹಿಡಿಯಲಿಲ್ಲ. ಒಂದನ್ನು ಬದಿಗಿಟ್ಟ.

"ಎಷ್ಟು ಇಡುದು?"

"ಒಂದು ಸಾಕು," ಅಂದ ಅಣ್ಣು.

ವಿಕಾಸ್ ಟ್ರೇ ಹಿಡಿದು ಬಂದಾಗ ಆಟ ಅರ್ಧದಲ್ಲಿತ್ತು. ಯಾರೂ ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ನಿಂತ. ತುಂಬಿದ ಲೋಟಗಳಿದ್ದರೆ ಮೊದಲು ನೋಯುವುದು ಮೊಣಕೈ, ಅಣ್ಣುವಿಗೆ ಗೊತ್ತು. ಎಲೆ ಹಾಕುವುದನ್ನು ನಿಲ್ಲಿಸಿದ.

"ಟ್ರೇ ಅಲ್ಲಿಡು. ಬಾ, ಇಲ್ಲಿ ಕೂತ್ಕೋ. ಬೀಜ ಇಡು."

"ನಾನಾ?" ಅಂದ ವಿಕಾಸ್. "ನಾನು ಆಡಿದ್ದೇ ಇಲ್ಲ ಅಣ್ಣಣ್ಣ."

"ನಾಲ್ಕು ವರ್ಷ ಮತ್ತೆ ಎಂತ ಮಾಡಿದ್ದು?"

"ಹಂಚಿದ್ದು. ಹಂಚುವವರು ಆಡ್ಲಿಕ್ಕಿಲ್ಲ ಅಲ್ಲಿ. ಊರಲ್ಲಿ ಎಲೆ ಮುಟ್ಟಿದ್ರೆ ಅಮ್ಮ ಕೈಗೇ ಬಾರಿಸ್ತಿದ್ರು."

ಝೇವಿಯರ್ ಜರುಗಿ ಜಾಗ ಮಾಡಿದ. ವಿಕಾಸ್ ಒಂದು ಬೀಜ ಇಟ್ಟ. ಅಣ್ಣು ಅವನಿಗೆ ಎರಡು ಎಲೆ ಹಾಕಿದ, ಹತ್ತು ಮತ್ತು ಆರು.

"ಬೇಕಾ, ಸಾಕಾ?"

ಲಕ್ಷ ಸಲ ಬೇರೆಯವರನ್ನು ಕೇಳಿದ ಪ್ರಶ್ನೆ ಅದು. ಈಗ ತನ್ನ ಮುಂದೆ ಬಂದಾಗ ಅವನು ಎಲೆ ನೋಡಿದ, ಅಣ್ಣುವಿನ ಕೈ ನೋಡಿದ, ಮತ್ತೆ ಎಲೆ ನೋಡಿದ. ಕಿವಿ ಕೆಂಪಾಯಿತು. ಹತ್ತಿರದವರೆಲ್ಲ ಕಾದರು. "ಒಂದು... ಒಂದು ಕೊಡಿ," ಅಂದ.

ಎಂಟು ಬಿತ್ತು. ಅಣ್ಣು ಬೀಜವನ್ನು ತನ್ನ ಕಡೆ ಎಳೆದುಕೊಂಡ. ವಿಕಾಸ್ ಯಾರ ಮುಖವನ್ನೂ ನೋಡದೆ ಇನ್ನೊಂದು ಬೀಜ ಮುಂದಿಟ್ಟ.

ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗು ಕೂಗುವ ಮೊದಲೇ ಝೇವಿಯರ್‌ಗೆ ಎಕ್ಕ-ರಾಣಿ ಬಿತ್ತು. ಎಲ್ಲರೂ ಒಮ್ಮೆ ವಿಕಾಸನ ಕಡೆ ನೋಡಿದರು. ಅವನು ತಲೆ ತಗ್ಗಿಸಿಕೊಂಡು ತನ್ನ ಬೀಜ ಸರಿಮಾಡುತ್ತಿದ್ದ. ಅಣ್ಣು ಎಲೆ ಒಟ್ಟುಮಾಡಿ, ಅಂಚು ನೇರ ಮಾಡಿ, ಕಟ್ಟನ್ನು ಎರಡೂ ಕೈಯಿಂದ ಝೇವಿಯರ್‌ಗೆ ಕೊಟ್ಟ. ಗೋಡೆಯ ಜಾಗ ಬಿಟ್ಟುಕೊಟ್ಟು ವಿಕಾಸನ ಪಕ್ಕ ಬಂದು ಕೂತ. ವಿಕಾಸ್ ತನಗೆಂದು ಮಾಡಿ ತಂದ ಚಾದ ಲೋಟ ಅಲ್ಲೇ ಇತ್ತು. ಚಾ ಆರಿ ಹೋಗಿತ್ತು, ಪಾಯಸದಷ್ಟು ಸಿಹಿ. ಅಣ್ಣು ಅದನ್ನು ಪೂರ್ತಿ ಕುಡಿದ.